ಗೋಡೆಯನ್ನು ಕೇಳಿದವರಾರು?



ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿದ್ದ 43 ಇಂಚಿನ ಟಿ.ವಿ. ಗಿಲಾವಿನ ಸಮೇತ ಕಿತ್ತುಕೊಂಡು ನೆಲಕ್ಕೆ ಬಿತ್ತು. ಮಧ್ಯಾಹ್ನದ ಹೊತ್ತು. ಅದರ ಕೆಳಗೆ ಚಾಪೆ ಹಾಸಿಕೊಂಡು ಮಲಗಿ ಕಾರ್ಟೂನು ನೋಡುತ್ತಿದ್ದ ನಾಲ್ಕು ವರ್ಷದ ಮೊಮ್ಮಗ ಆಗಷ್ಟೇ ಶೇಂಗಾದ ಉಂಡಿ ಕೇಳಲು ಅಡುಗೆಮನೆಗೆ ಎದ್ದು ಹೋಗಿದ್ದ. ನಾವು ಓಡಿಬಂದು ನೋಡಿದಾಗ ಅವನು ತಲೆಯಿಟ್ಟಿದ್ದ ದಿಂಬಿನ ಮೇಲೆ ಟಿ.ವಿ.ಯ ಒಂದು ಮೂಲೆ ಕೂತಿತ್ತು. ಸೊಸೆ ಮಗುವನ್ನು ಎತ್ತಿಕೊಂಡವಳು ಸಂಜೆಯವರೆಗೆ ಕೆಳಗಿಳಿಸಲಿಲ್ಲ.

ಊರಲ್ಲಿ ನಾಲ್ಕು ದಿನ ಇದೇ ಮಾತು. ದೃಷ್ಟಿ ತಗುಲಿದೆ ಎಂದವರು ಕೆಲವರು. "ಆ ಜಾಗಾದಾಗ ಬಸವಣ್ಣನ ಫೋಟೋ ಇತ್ತು. ಅದನ್ನ ತಗದು ಟಿ.ವಿ. ಹಾಕಿದ್ರಲ್ಲ, ಅದಕ್ಕ ಹಿಂಗಾತು" ಎಂದವರು ಕೆಲವರು. ಇನ್ನು ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಟಿ.ವಿ. ಕೂಡಿಸಿ ಹೋಗಿದ್ದ ಹುಡುಗನನ್ನು ಬಜಾರದಲ್ಲಿ ನಾಲ್ಕು ಮಂದಿಯ ಮುಂದೆ ಬೈದೆ. ದೃಷ್ಟಿಯ ಮಾತೂ ಸುಳ್ಳು, ಫೋಟೋದ ಮಾತೂ ಸುಳ್ಳು. ಫೋಟೋ ತೆಗೆದದ್ದಕ್ಕೆ ಟಿ.ವಿ. ಕೆಡವಿ ಮಗುವಿನ ಜೀವಕ್ಕೆ ಕೈಹಾಕುವವರೇ ಬಸವಣ್ಣನವರು? ಆದರೆ ಎಲ್ಲಕ್ಕಿಂತ ದೊಡ್ಡ ಸುಳ್ಳು ನನ್ನ ಬಾಯಿಂದ ಬಂದದ್ದು. ಏಕೆಂದರೆ ಆ ಗೋಡೆ ತಡೆಯುವುದಿಲ್ಲ ಎಂದು ಆ ಹುಡುಗ ಮೊದಲ ದಿನವೇ ನಮಗೆ ಹೇಳಿದ್ದ.

ಗೋಡೆಗೆ ಟಿ.ವಿ. ಹಾಕುವ ಮಾತು ಈ ಪತ್ರಿಕೆಯಲ್ಲಿ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಸುಧಾರಣೆಯ ವಿಚಾರವನ್ನು ನಾವು ವೇದಿಕೆಯ ಮೇಲೆ ಬಹಳ ಮಾತಾಡಿದ್ದೇವೆ. ಅದು ಮನೆಯ ಗೋಡೆಯವರೆಗೆ ಬಂದಿದೆಯೇ ಎಂದು ನೋಡಿಕೊಳ್ಳುವ ಅವಕಾಶ ನನಗೆ ಹೀಗೆ ಒದಗಿಬಂತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಗದಗ ಜಿಲ್ಲೆಯ ಎರೆನಾಡಿನ ಹಳ್ಳಿ. ಮನೆಯ ಮುಂದಿನ ಭಾಗ ಅಜ್ಜನ ಕಾಲದ್ದು. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಹಿಂದಿನ ಎರಡು ಖೋಲಿಗಳನ್ನು ನಾನು ಅಂಚೆ ಇಲಾಖೆಯಲ್ಲಿದ್ದಾಗ ಇಟ್ಟಂಗಿಯಿಂದ ಕಟ್ಟಿಸಿದೆ. ಆಗಲೇ ಹಳೆಯ ಪಡಸಾಲೆಗೂ ಒಳಗೆ ಹೊರಗೆ ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಹೊಡೆಸಿದೆ. ನೋಡಿದವರಿಗೆ ಎಲ್ಲವೂ ಒಂದೇ ಮನೆಯಂತೆ, ಒಂದೇ ಗೋಡೆಯಂತೆ ಕಾಣುತ್ತದೆ. ವರ್ಷಗಳು ಕಳೆದ ಮೇಲೆ ನಮಗೂ ಹಾಗೆಯೇ ಕಾಣತೊಡಗಿತು. ಒಳಗಿರುವುದು ಮಣ್ಣು ಎಂಬುದನ್ನು ನಾವೇ ಮರೆತಿದ್ದೆವು.

ಎರೆ ನೆಲದ ಗುಣ ರೈತರಾದ ನಿಮಗೆ ನಾನು ಹೇಳಬೇಕಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ. ಅದರ ಮೇಲೆ ನಿಂತ ಗೋಡೆಯೂ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಅಲುಗುತ್ತದೆ. ಮಣ್ಣಿನ ಗೋಡೆ ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಅದರ ಮೇಲೆ ಮೆತ್ತಿದ ಸಿಮೆಂಟು ಗಡುಸು. ಅದು ಬಾಗುವುದಿಲ್ಲ, ಸೀಳುತ್ತದೆ. ಸೀಳಿನಿಂದ ನೀರು ಒಳಗಿಳಿಯುತ್ತದೆ. ಬರೀ ಮಣ್ಣಿನ ಗೋಡೆಯಾಗಿದ್ದರೆ ಆ ತೇವ ಗಾಳಿಗೆ ಆರಿಹೋಗುತ್ತಿತ್ತು. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ನಾಲ್ಕಾರು ಮಳೆಗಾಲ ಹೀಗೆ ಕಳೆದರೆ ಗಿಲಾವಿನ ಹಿಂದಿನ ಮಣ್ಣು ಪುಡಿಯಾಗಿ, ಗಿಲಾವು ತಾನೊಂದೇ ಹಾಳೆಯಂತೆ ನಿಂತಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇದನ್ನು ನನಗೆ ಹೇಳಿದವರು ಯಾವ ಇಂಜಿನಿಯರೂ ಅಲ್ಲ, ಆ ಹುಡುಗ ಮತ್ತು ಆಮೇಲೆ ಬಂದ ಗೌಂಡಿ.

ಈಗ ಟಿ.ವಿ.ಯ ಕಥೆಗೆ ಬರುತ್ತೇನೆ. ಮಗ ದೀಪಾವಳಿಗೆ ಕಂತಿನ ಮೇಲೆ ಟಿ.ವಿ. ತಂದ. ಕಂತಿನ ವಿಚಾರ ಬೇರೆಯೇ ಒಂದು ಲೇಖನ, ಇಲ್ಲಿ ಬೇಡ. ಎಲ್ಲಿ ಹಾಕುವುದು ಎಂಬ ಮಾತು ಬಂದಾಗ ಅವನ ಸ್ನೇಹಿತನೊಬ್ಬ ವಾಸ್ತು ಬಲ್ಲವರೊಬ್ಬರನ್ನು ಕರೆತಂದ. ಅವರು ಅಂಗಳದಲ್ಲಿ ನಿಂತು ದಿಕ್ಸೂಚಿ ತಿರುಗಿಸಿದರು. ಮೊಬೈಲಿನಲ್ಲೂ ಒಂದು ದಿಕ್ಸೂಚಿ ಇತ್ತು, ಅದನ್ನೂ ತಿರುಗಿಸಿದರು. ಟಿ.ವಿ. ಎಂದರೆ ವಿದ್ಯುತ್ತು, ವಿದ್ಯುತ್ತು ಎಂದರೆ ಅಗ್ನಿ, ಅಗ್ನಿಯ ಮೂಲೆ ಆಗ್ನೇಯ, ಆದ್ದರಿಂದ ಟಿ.ವಿ. ಪಡಸಾಲೆಯ ಆಗ್ನೇಯದ ಗೋಡೆಗೇ ಬರಬೇಕು ಎಂದರು. ಬೇರೆ ಕಡೆ ಹಾಕಿದರೆ ಮನೆಯಲ್ಲಿ ಜಗಳ, ಯಜಮಾನನ ಆರೋಗ್ಯಕ್ಕೆ ಕುಂದು. ಯಜಮಾನ ಎಂದರೆ ನಾನು. ನಾನು ಆಗ ನಗಬೇಕಿತ್ತು. ನಗಲಿಲ್ಲ. ಸುಮ್ಮನೆ ಕೂತಿದ್ದೆ. ಮಗನ ಹಬ್ಬದ ಸಂಭ್ರಮಕ್ಕೆ ಅಡ್ಡಬರುವುದೇಕೆ, ಒಂದು ಗೋಡೆಯ ಮಾತು ತಾನೆ ಎಂದುಕೊಂಡೆ.

ವಾಸ್ತುವಿನ ಹಳೆಯ ಗ್ರಂಥಗಳು ಬರೆದ ಕಾಲಕ್ಕೆ ಟಿ.ವಿ. ಇರಲಿಲ್ಲ, ವಿದ್ಯುತ್ ದೀಪವೂ ಇರಲಿಲ್ಲ. ಹಾಗಿದ್ದ ಮೇಲೆ ಟಿ.ವಿ.ಗೆ ಆಗ್ನೇಯವೆಂದು ಗೊತ್ತುಮಾಡಿದವರು ಯಾರು? ಒಲೆಗೆ ಹೇಳಿದ್ದನ್ನು ಯಾರೋ ಈಚೆಗೆ ಎಳೆದು ಟಿ.ವಿ.ಗೆ ಅಂಟಿಸಿದ್ದಾರೆ, ಅಷ್ಟೆ. ನಮ್ಮ ಊರಿಗೆ ಮೊದಲ ಟಿ.ವಿ. ಬಂದಾಗ ಇಂಥ ಪ್ರಶ್ನೆಯೇ ಇರಲಿಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾಯಿತು, ಆದರೆ ಹಳ್ಳಿಗಳಿಗೆ ಚಿತ್ರ ಮುಟ್ಟಲು ಇನ್ನೂ ಹಲವು ವರ್ಷ ಬೇಕಾಯಿತು. 1987ರಲ್ಲಿ ರಾಮಾಯಣ ಧಾರಾವಾಹಿ ಬರತೊಡಗಿದ ಮೇಲೆ ರವಿವಾರ ಮುಂಜಾನೆ ಒಂದು ಟಿ.ವಿ.ಯ ಮುಂದೆ ಅರ್ಧ ಓಣಿ ಕೂತಿರುತ್ತಿತ್ತು. ಆಗ ದಿಕ್ಕು ನೋಡುತ್ತಿದ್ದುದು ಮಾಳಿಗೆಯ ಮೇಲಿನ ಆಂಟೆನಾಕ್ಕೆ ಮಾತ್ರ. ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ "ಬಂತು, ಬಂತು, ಹೋತು" ಎಂದು ಕೂಗುವುದು. ಅದಕ್ಕೆ ಒಂದು ಅರ್ಥವಿತ್ತು. ಪ್ರಸಾರದ ಗೋಪುರ ಯಾವ ಕಡೆಗಿದೆಯೋ ಆಂಟೆನಾ ಆ ಕಡೆಗೇ ಮುಖ ಮಾಡಬೇಕು. ಆಗ್ನೇಯದ ಗೋಡೆಗೆ ಅಂಥ ಅರ್ಥ ಏನಿದೆ?

ಬಸವಾದಿ ಶರಣರು ವಾರ, ತಿಥಿ, ಶಕುನ, ಮುಹೂರ್ತಗಳನ್ನು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು. ಇದನ್ನು ಭಾಷಣದಲ್ಲಿ ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ನಾನೇ ಹೇಳಿದ್ದೇನೆ, ತಟ್ಟಿಸಿಕೊಂಡಿದ್ದೇನೆ. ಮನೆಗೆ ಬಂದು ಗೋಡೆಯ ಮುಂದೆ ನಿಂತಾಗ ಮಾತ್ರ ದಿಕ್ಸೂಚಿಯವರು ಬೇಕಾಗುತ್ತಾರೆ.

ಮರುದಿನ ಆ ಹುಡುಗ ಬಂದ. ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ, ಹೆಗಲಿಗೊಂದು ಚೀಲ, ಚೀಲದಲ್ಲಿ ಡ್ರಿಲ್, ರಸಮಟ್ಟ, ಒಂದು ಡಬ್ಬಿ ತುಂಬ ಸ್ಕ್ರೂ ಮತ್ತು ಪ್ಲಾಸ್ಟಿಕ್ ಪ್ಲಗ್. ಗೋಡೆ ತಟ್ಟಿ ನೋಡಿದ. ಒಂದು ಕಡೆ ತೂತು ಕೊರೆದ. ಬಿಟ್ಟಿನ ತುದಿಗೆ ಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದ. ಮೊದಲು ಬೂದುಬಣ್ಣದ್ದು, ಅದರ ಹಿಂದೆಯೇ ಕಂದುಬಣ್ಣದ್ದು.

"ಕಾಕಾರ, ಇದು ಮಣ್ಣಿನ ಗ್ವಾಡಿ ಐತ್ರಿ. ಮ್ಯಾಲಷ್ಟ ಸಿಮೆಂಟ. ಇದು ತಡಿಯಂಗಿಲ್ರಿ. ಒಳಗಿನ ಖೋಲಿ ಗ್ವಾಡಿಗೆ ಹಾಕ್ತೀನ್ರಿ, ಇಲ್ಲಾಂದ್ರ ಟೇಬಲ್ ಮ್ಯಾಲ ಇಟ್ಟು ಬಿಗೀತೀನ್ರಿ."

ಮಗ ಒಪ್ಪಲಿಲ್ಲ. ವಾಸ್ತು ಪ್ರಕಾರ ಅಲ್ಲೇ ಬರಬೇಕು, ಬೇಕಾದರೆ ಉದ್ದನೆಯ ಸ್ಕ್ರೂ ಹಾಕು ಎಂದ.

"ಉದ್ದನ್ನು ಹಾಕಿದ್ರ ಮಣ್ಣಾಗ ಉದ್ದ ಹೋಗತೈತ್ರಿ ಅಣ್ಣಾರ, ಅಷ್ಟ."

ಕೊನೆಗೆ ಅವನು ಹಾಕಿಯೇ ಹೋದ. ಹಾಕದೆ ಏನು ಮಾಡಿಯಾನು? ಅಂಗಡಿಯವರು ಕಳಿಸಿದ್ದಾರೆ, ಗಿರಾಕಿ ಹಟ ಹಿಡಿದಿದ್ದಾನೆ, ಯಜಮಾನ ಸುಮ್ಮನೆ ಕೂತಿದ್ದಾನೆ. ಹೋಗುವಾಗ ಮತ್ತೊಮ್ಮೆ, ಮಳೆಗಾಲ ಬರುವುದರೊಳಗೆ ನೋಡಿಕೊಳ್ಳಿ ಎಂದ. ವಾಸ್ತು ಹೇಳಿದವರಿಗೆ ತಾಟಿನಲ್ಲಿ ಹಣ್ಣು, ಎಲೆ ಅಡಿಕೆ, 1,100 ರೂಪಾಯಿ ಇಟ್ಟು ಕೊಟ್ಟಿದ್ದೆವು. ಈ ಹುಡುಗ 500 ಕೇಳಿದಾಗ ಚೌಕಾಸಿ ಮಾಡಿ 400 ಕೊಟ್ಟೆವು. ವಾಸ್ತುವಿನವರು ಪಡಸಾಲೆಯ ಖುರ್ಚಿಯಲ್ಲಿ ಸ್ಟೀಲಿನ ಲೋಟದಲ್ಲಿ ಹಾಲು ಕುಡಿದರು. ಹುಡುಗ ಹೊರಗಿನ ಕಟ್ಟೆಯ ಮೇಲೆ ಕಾಗದದ ಕಪ್ಪಿನಲ್ಲಿ ಚಹಾ ಕುಡಿದ. ನಮ್ಮ ಮನೆಯಲ್ಲಿ ಕಾಗದದ ಕಪ್ಪುಗಳು ಏಕಿವೆ, ಯಾರಿಗಾಗಿ ಇವೆ ಎಂದು ಅಂದಿನವರೆಗೆ ನಾನು ಕೇಳಿಕೊಂಡೇ ಇರಲಿಲ್ಲ. ಟಿ.ವಿ. ಬಿದ್ದ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಇದು ನೆನಪಾಯಿತು.

ಬಿದ್ದ ಮೇಲೆ ಗೌಂಡಿಯನ್ನು ಕರೆಸಿದೆ. ಅವನು ತೋರಿಸಿಕೊಟ್ಟದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈಗ ಊರಲ್ಲಿ ಮನೆಮನೆಗೆ ಇಂಥ ಟಿ.ವಿ.ಗಳು ಬರುತ್ತಿವೆ, ಹಳೆಯ ಮನೆಗಳೂ ಬಹಳ ಇವೆ.

ಸ್ಕ್ರೂ ಎರಡಿಂಚಿನದಾದರೆ ಅದರಲ್ಲಿ ಅರ್ಧದಿಂದ ಮುಕ್ಕಾಲು ಇಂಚು ಗಿಲಾವಿನಲ್ಲೇ ಮುಗಿಯುತ್ತದೆ. ಗಿಲಾವಿಗೆ ತೂಕ ಹಿಡಿಯುವ ಶಕ್ತಿ ಇಲ್ಲ. ಹಿಡಿಯಬೇಕಾದದ್ದು ಅದರ ಹಿಂದಿನ ಇಟ್ಟಂಗಿ ಅಥವಾ ಕಲ್ಲು. ತೂತಿನಲ್ಲಿ ತುಂಬಿದ ಪ್ಲಗ್ ಸ್ಕ್ರೂ ತಿರುಗಿಸಿದಂತೆ ಅಗಲವಾಗಿ ಅಕ್ಕಪಕ್ಕದ ಗಟ್ಟಿ ಪದಾರ್ಥವನ್ನು ಒತ್ತಿ ಹಿಡಿಯುತ್ತದೆ. ಅಕ್ಕಪಕ್ಕ ಇರುವುದು ಮಣ್ಣಾದರೆ ಒತ್ತಿದಷ್ಟೂ ಮಣ್ಣು ಸರಿಯುತ್ತದೆ, ಪ್ಲಗ್ ಸಡಿಲವಾಗಿಯೇ ಉಳಿಯುತ್ತದೆ. ಇಟ್ಟಂಗಿಯ ಗೋಡೆಯಲ್ಲೂ ಎರಡು ಇಟ್ಟಂಗಿಗಳ ನಡುವಿನ ಸಂದಿಗೆ ತೂತು ಬಿದ್ದರೆ ಹಿಡಿತ ಕಡಿಮೆ. ಈಚೆಗೆ ಪೇಟೆಯ ಮನೆಗಳಿಗೆ ಬಳಸುವ ಹಗುರ ಸಿಮೆಂಟ್ ಬ್ಲಾಕು, ಒಳಗೆ ಟೊಳ್ಳಿರುವ ಬ್ಲಾಕು, ಇವಕ್ಕೆ ಸಾಮಾನ್ಯ ಪ್ಲಗ್ ಸಾಲದು, ಅವುಗಳಿಗೆಂದೇ ಮಾಡಿದ ಬೇರೆ ಬಗೆಯವು ಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಂದೂ ಕೊರೆಯಬಾರದು. ಒಳವೈರು ಸಾಮಾನ್ಯವಾಗಿ ಹಾಯ್ದಿರುವುದು ಅಲ್ಲೇ.

ನಮ್ಮ ಮನೆಯಲ್ಲಿ ಅಜ್ಜ ಹಾಕಿಸಿದ ಗಿಳಿಗೂಟಗಳು ಇನ್ನೂ ಇವೆ. ಜೋಳದ ಚೀಲದಷ್ಟು ಭಾರದ ಕುಬಸ, ಧೋತರ, ಬಾರುಕೋಲು ಎಲ್ಲವನ್ನೂ ಅವು ಹೊತ್ತಿವೆ, ಅಲುಗಿಲ್ಲ. ಕಾರಣ ಅವನ್ನು ಗೋಡೆ ಏಳುವಾಗಲೇ ಎರಡು ಕಲ್ಲುಗಳ ನಡುವೆ ಮೊಳದುದ್ದ ಒಳಗಿಟ್ಟು ಕಟ್ಟಿದ್ದಾರೆ. ಅದೇ ಮಣ್ಣಿನ ಗೋಡೆ. ಗೋಡೆಯ ಸ್ವಭಾವ ತಿಳಿದವನು ಇಟ್ಟ ಗೂಟ ನಿಂತಿದೆ, ತಿಳಿಯಲೊಲ್ಲದವರು ಹಾಕಿಸಿದ ಸ್ಕ್ರೂ ಒಂದು ಮಳೆಗಾಲ ನಿಲ್ಲಲಿಲ್ಲ.

ಇನ್ನೊಂದು ತಪ್ಪನ್ನೂ ನಾವು ಮಾಡಿದ್ದೆವು. ಮಗ ಆಸೆಪಟ್ಟು, ಮುಂದಕ್ಕೆಳೆದು ಅತ್ತಿತ್ತ ತಿರುಗಿಸಬಹುದಾದ ತೋಳಿನ ಬ್ರಾಕೆಟ್ ತರಿಸಿದ್ದ. ಅಡುಗೆಮನೆಯಿಂದಲೂ ಕಾಣಬೇಕಂತೆ. ತುಂಬಿದ ಕೊಡವನ್ನು ಸೊಂಟಕ್ಕೊತ್ತಿ ಹಿಡಿದರೆ ನಮ್ಮ ಹೆಣ್ಣುಮಕ್ಕಳು ಹಳ್ಳದಿಂದ ಊರವರೆಗೆ ಬರುತ್ತಾರೆ. ಅದೇ ಕೊಡವನ್ನು ಕೈಚಾಚಿ ಹಿಡಿ ಎಂದರೆ ಪೈಲ್ವಾನನಿಗೂ ಹತ್ತು ಹೆಜ್ಜೆ ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಟಿ.ವಿ.ಯ ತೂಕ 9 ಕಿಲೋ, ಗೋಡೆಯ ಮೇಲಿನ ಪಟ್ಟಿಯಲ್ಲಿ ಮೇಲಿನ ಸ್ಕ್ರೂಗೂ ಕೆಳಗಿನದಕ್ಕೂ 20 ಸೆಂಟಿಮೀಟರ್ ಅಂತರ. ಟಿ.ವಿ. ಗೋಡೆಗೆ ಅಂಟಿದಂತೆ 5 ಸೆಂಟಿಮೀಟರ್ ದೂರದಲ್ಲಿದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಜಗ್ಗು ಎರಡೂಕಾಲು ಕಿಲೋದಷ್ಟು. ತೋಳು ಚಾಚಿ 40 ಸೆಂಟಿಮೀಟರ್ ಮುಂದೆ ತಂದರೆ ಅದೇ ಜಗ್ಗು 18 ಕಿಲೋ. ಕೆಳಕ್ಕೆ ತೂಗುವ ಭಾರ ಎರಡರಲ್ಲೂ ಒಂದೇ, ಆದರೆ ಗೋಡೆಯನ್ನು ಕಿತ್ತು ತರುವುದು ಈ ಹೊರಜಗ್ಗು. ಅದರ ಮೇಲೆ ಒಂದು ಮಗು ಕೈ ಹಾಕಿ ಜೋತುಬಿದ್ದರೆ ಏನಾದೀತು ಎಂಬುದನ್ನು ನಾನು ಬರೆಯುವುದಿಲ್ಲ.

ಅಮೆರಿಕದಲ್ಲಿರುವ ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳ ಮನೆಯ ಗೋಡೆ ಹೊರಗಿನಿಂದ ಚೆಂದ, ಒಳಗೆ ಟೊಳ್ಳಂತೆ. 16 ಇಂಚಿಗೊಂದು ಕಟ್ಟಿಗೆಯ ಕಂಬ ನಿಲ್ಲಿಸಿ ಮೇಲೆ ತೆಳುವಾದ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ. ಅಲ್ಲಿಯೂ ಟಿ.ವಿ. ಹಾಕುವವರು ಮೊದಲು ಗೋಡೆ ತಟ್ಟಿ, ಕಂಬ ಎಲ್ಲಿದೆ ಎಂದು ಹುಡುಕಿ, ಕಂಬಕ್ಕೇ ಸ್ಕ್ರೂ ಹೊಡೆಯುತ್ತಾರಂತೆ. ಅಲ್ಲಿಗೂ ವಾಸ್ತುವಿನವರು ವಿಡಿಯೋ ಕಾಲ್ ಮೇಲೆ ಬರುತ್ತಾರೆ ಎಂದೂ ಅವಳು ನಗುತ್ತ ಹೇಳಿದಳು.

ಬಜಾರದಲ್ಲಿ ಬೈದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಅದನ್ನು ಕೇಳಿದ ಎರಡು ಮನೆಯವರು ಆ ಹುಡುಗನಿಗೆ ಹೇಳಿದ್ದ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರು. ಮನೆಯಲ್ಲಿ ಕ್ಷಮೆ ಕೇಳಿದರೆ ಸಾಲದು ಎನ್ನಿಸಿ, ಬೈದ ಜಾಗದಲ್ಲೇ, ಅದೇ ಚಹಾದಂಗಡಿಯ ಮುಂದೆ ಅವನನ್ನು ಕರೆದು, ತಮ್ಮಾ, ನೀನು ಹೇಳಿದ್ದು ಖರೆ, ಕೇಳದೆ ಹಾಕಿಸಿದವರು ನಾವು, ತಪ್ಪು ನಮ್ಮದು ಎಂದೆ. ಅವನು ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಕಾಕಾರ, ಕೂಸಿಗೆ ಏನೂ ಆಗಲಿಲ್ಲಲ್ಲ" ಎಂದ. ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದ ಮಾತನ್ನು ಅವನು ಮುಂದುವರಿಸಿದ: ಮಳೆ ಶುರುವಾದಾಗಿನಿಂದ ಎರಡು ಸಲ ನಮ್ಮ ಮನೆಯ ಮುಂದೆ ಹಾಯ್ದುಹೋಗುವಾಗ ಒಳಗೆ ಬಂದು ನೋಡೋಣ ಎಂದುಕೊಂಡಿದ್ದನಂತೆ. ಕರೆಯದೆ ಬಂದರೆ ಏನೆಂದುಕೊಂಡಾರೋ ಎಂದು ಸುಮ್ಮನಾದನಂತೆ.

ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರ ಹೆಸರಿನ ಮುಂದೆ ಅವರ ಕಾಯಕ ನಿಂತಿದೆ. ಅನುಭವ ಮಂಟಪದಲ್ಲಿ ಕೂತವರು ತಮ್ಮ ಕಾಯಕದ ಅನುಭವದಿಂದಲೇ ಮಾತಾಡಿದವರು. ಬಿದಿರನ್ನು ಬಾಗಿಸಿದವನ ಮಾತಿಗೆ ಅಲ್ಲಿ ಬೆಲೆ ಇತ್ತು. ನಮ್ಮ ಪಡಸಾಲೆಯಲ್ಲಿ ಗೋಡೆಯನ್ನು ಕೊರೆದು ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದವನ ಮಾತಿಗೆ ಬೆಲೆ ಇರಲಿಲ್ಲ. ಗೋಡೆಯನ್ನು ಮುಟ್ಟದೆ ಅಂಗಳದಲ್ಲಿ ನಿಂತು ಹೇಳಿದವರ ಮಾತು ನಡೆಯಿತು. ಇದನ್ನು ವಿಶೇಷ ಘಟನೆ ಎಂದು ನಾನು ತಿಳಿದಿಲ್ಲ. ಬಾವಿ ತೋಡುವಾಗ, ಮನೆಗೆ ಬಾಗಿಲಿಡುವಾಗ, ಅಡುಗೆಮನೆ ಒಡೆದು ಬೇರೆ ಕಡೆ ಕಟ್ಟುವಾಗ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತಿದೆ.

ಎರಡನೆಯ ಸಲ ಅದೇ ಹುಡುಗನನ್ನು ಕರೆದೆವು. ಪರದೆ ಒಡೆದ ಟಿ.ವಿ. ರಿಪೇರಿಗೆ ಹೊಸದರ ಹತ್ತಿರ ಹತ್ತಿರ ಬೆಲೆ ಕೇಳಿದರು. ಮಗ ಕಂತು ತುಂಬುತ್ತಲೇ ಇದ್ದಾನೆ, ಆದ್ದರಿಂದ ಈ ಸಲ 32 ಇಂಚಿನದು, ಸಾದಾ ಬ್ರಾಕೆಟ್. ಹುಡುಗ ಹಿಂದಿನ ಖೋಲಿಯ ನಾಲ್ಕೂ ಗೋಡೆ ತಟ್ಟಿ ಒಂದನ್ನು ಆರಿಸಿದ. ಅದು ಯಾವ ದಿಕ್ಕು ಎಂದು ನಾವು ನೋಡಲಿಲ್ಲ. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳುವುದಿಲ್ಲ, ಆ ಕಡೆ ಬಚ್ಚಲಿಲ್ಲ, ಇಟ್ಟಂಗಿ ಗಟ್ಟಿ ಇದೆ, ಈ ಮೂರನ್ನು ನೋಡಿದೆವು.

ಎಷ್ಟೆತ್ತರಕ್ಕೆ ಹಾಕಲಿ ಎಂದು ಅವನು ಕೇಳಿದ. ಮೊದಲ ಸಲ ಅದನ್ನು ಯಾರೂ ಯೋಚಿಸಿರಲಿಲ್ಲ. ಫೋಟೋ ಇದ್ದ ಎತ್ತರಕ್ಕೇ, ನೆಲದಿಂದ ಐದೂವರೆ ಅಡಿಗೆ ಹಾಕಿಸಿದ್ದೆವು. ಫೋಟೋವನ್ನು ನಿಂತು ನೋಡಿ ಕೈಮುಗಿದು ಹೋಗುತ್ತೇವೆ, ಟಿ.ವಿ.ಯನ್ನು ಕೂತು ಗಂಟೆಗಟ್ಟಲೆ ನೋಡುತ್ತೇವೆ. ಇದರಲ್ಲಿ ಬಹಳ ಕಷ್ಟಪಟ್ಟವರು ನಮ್ಮ ಅವ್ವ. ವಯಸ್ಸು ಎಂಬತ್ತಮೂರು. ಖುರ್ಚಿಯಲ್ಲಿ ಕೂತರೆ ಕಾಲು ಬಾಯುತ್ತವೆ ಎಂದು ನೆಲದ ಮೇಲೆ ಜಮಖಾನ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಾರೆ. ಸಂಜೆ ಶರಣರ ಪ್ರವಚನ ಬರುವುದನ್ನು ತಪ್ಪದೆ ನೋಡುತ್ತಿದ್ದವರು ಹೊಸ ಟಿ.ವಿ. ಬಂದ ಮೇಲೆ ಬರುವುದನ್ನೇ ಬಿಟ್ಟರು. ಕೇಳಿದರೆ, "ನೀವ ನೋಡ್ರೆಪಾ, ನನಗ ನಿದ್ದಿ ಬರತೈತಿ" ಎನ್ನುತ್ತಿದ್ದರು. ನಾವು ನಂಬಿದೆವು. ಎಂಟೊಂಬತ್ತು ತಿಂಗಳು ಒಬ್ಬ ಮುದುಕಿ ಸಂಜೆ ಕತ್ತಲ ಖೋಲಿಯಲ್ಲಿ ಒಬ್ಬಳೇ ಕೂತಿದ್ದಳು, ಕುತ್ತಿಗೆ ಎತ್ತಿ ಹಿಡಿಯಲು ಆಗದ್ದಕ್ಕೆ. ಇದನ್ನು ಕಂಡುಹಿಡಿದದ್ದೂ ಆ ಹುಡುಗನೇ. "ಆಯೀ, ನೀವ ಎಲ್ಲಿ ಕುಂದರತೀರಿ?" ಎಂದು ಕೇಳಿ, ಅವ್ವನ ಪಕ್ಕದಲ್ಲಿ ತಾನೂ ಚಕ್ಕಳಮಕ್ಕಳ ಹಾಕಿ ಕೂತು, ಅಲ್ಲಿಂದ ಗೋಡೆಯನ್ನು ನೋಡಿದ.

ಖುರ್ಚಿ ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿಗೆ ಬರುತ್ತದೆ. ನೆಲದ ಮೇಲೆ ಕೂತವರದು ಎರಡೂವರೆ ಅಡಿ. ಪರದೆಯ ನಡುಭಾಗ ಕಣ್ಣಿಗೆ ಹೆಚ್ಚುಕಡಿಮೆ ನೇರವಾಗಿದ್ದರೆ ಕುತ್ತಿಗೆಗೆ ಸುಖ. ಅಂಗಡಿಗಳಲ್ಲಿ ಟಿ.ವಿ.ಯನ್ನು ಎತ್ತರಕ್ಕೆ ಹಾಕಿರುವುದು ನಿಂತ ಗಿರಾಕಿ ನೋಡಲೆಂದು. ಅದನ್ನೇ ಮನೆಯಲ್ಲೂ ಮಾಡುತ್ತೇವೆ. ನಮ್ಮ ಹುಡುಗ ನಡುಭಾಗ ಮೂರಡಿಗೆ ಬರುವಂತೆ ಗುರುತು ಹಾಕಿ, ರಸಮಟ್ಟ ಇಟ್ಟು ನೋಡಿ ಕೊರೆದ. ಇಷ್ಟು ಕೆಳಗಿದ್ದರೆ ಮೊಮ್ಮಗನ ಕೈಗೆ ಸಿಗುತ್ತದೆ ಎಂಬುದು ಸೊಸೆಯ ಆತಂಕ. ಅದು ಸರಿಯಾದ ಆತಂಕವೇ. ಅದಕ್ಕೆ ಗೋಡೆಗೆ ಅಂಟಿದಂತಿರುವ ಬ್ರಾಕೆಟ್, ನಾಲ್ಕು ಗಟ್ಟಿ ಆಂಕರ್ ಬೋಲ್ಟ್, ಕೆಳಗೆ ಒಂದು ಅಡ್ಡ ಬೆಂಚು. ಬೆರಳಿನ ಗುರುತು ಪರದೆಯ ಮೇಲೆ ಬೀಳುತ್ತಿವೆ, ಒರೆಸುತ್ತಿದ್ದೇವೆ. ಮಣ್ಣಿನ ಗೋಡೆ ಬಿಟ್ಟು ಬೇರೆ ಗೋಡೆಯೇ ಇಲ್ಲದ ಮನೆಯವರು ಭಾರವಾದ ಟೇಬಲ್ಲಿನ ಮೇಲಿಟ್ಟು, ಹಿಂದಿನಿಂದ ಪಟ್ಟಿ ಹಾಕಿ ಟೇಬಲ್ಲಿಗೇ ಬಿಗಿಯುವುದು ಲೇಸು. ಬಿಗಿಯದೆ ಇಟ್ಟರೆ ಮಕ್ಕಳು ಮುಂದಕ್ಕೆ ಎಳೆದು ಮೇಲೆ ಕೆಡವಿಕೊಳ್ಳುತ್ತಾರೆ.

ಹಳೆಯ ಕಪ್ಪುಬಿಳುಪು ಟಿ.ವಿ.ಗೆ ಕಟ್ಟಿಗೆಯ ಪೆಟ್ಟಿಗೆ ಇತ್ತು, ಸರಿಸಿ ಮುಚ್ಚುವ ಬಾಗಿಲಿತ್ತು. ಸಂಜೆ ಲಿಂಗಪೂಜೆಯ ಹೊತ್ತಿಗೆ ಅವ್ವ ಬಾಗಿಲು ಸರಿಸಿಬಿಡುತ್ತಿದ್ದರು, ಟಿ.ವಿ. ಇದ್ದೂ ಇಲ್ಲದಂತೆ. ಗೋಡೆಯ ಟಿ.ವಿ.ಗೆ ಮುಚ್ಚಳವಿಲ್ಲ. ಆರಿಸಿದರೂ ಕರಿಯ ಹಲಗೆಯಂತೆ ಎದುರಿಗೇ ಇರುತ್ತದೆ, ಮನೆಯ ಖುರ್ಚಿಗಳೆಲ್ಲ ಅದಕ್ಕೇ ಮುಖ ಮಾಡುತ್ತವೆ. ಪಡಸಾಲೆಯಲ್ಲಿ ಅದು ಇದ್ದಷ್ಟು ದಿನ ಬಂದವರೊಡನೆ ನಾವು ಓರೆಯಾಗಿ ಕೂತು ಮಾತಾಡುತ್ತಿದ್ದೆವು, ಅರ್ಧ ಗಮನ ಗೋಡೆಯ ಮೇಲೆ. ಈಗ ಟಿ.ವಿ. ಒಳಗಿನ ಖೋಲಿಗೆ ಹೋದ ಮೇಲೆ ಪಡಸಾಲೆಯ ಎರಡು ಬೆಂಚುಗಳು ಮತ್ತೆ ಎದುರುಬದುರಾಗಿವೆ. ಇದು ಆಲೋಚಿಸಿ ಮಾಡಿದ ಸುಧಾರಣೆಯೇನಲ್ಲ, ಗಟ್ಟಿ ಗೋಡೆ ಒಳಗಿತ್ತು ಎಂಬ ಕಾರಣಕ್ಕೆ ಆದದ್ದು. ಆದರೂ ಮನೆ ಕಟ್ಟಿಸುವವರು ಇದನ್ನು ಯೋಚಿಸಿ ಎಂದು ಹೇಳುತ್ತೇನೆ. ಅತಿಥಿಗಳು ಕೂಡುವ ಜಾಗಕ್ಕೆ ಟಿ.ವಿ. ಬೇಕೇ?

ನಮ್ಮ ಬಳಗದ ಹಿರಿಯರೊಬ್ಬರು ಇದೆಲ್ಲ ಕೇಳಿ, "ಟಿ.ವಿ.ನ ಮನಿಗೆ ತರಬಾರ್ದು, ಮುಗೀತು" ಎಂದರು. ನಾನು ಒಪ್ಪುವುದಿಲ್ಲ. ಮೊಣಕಾಲು ಸೋತು ಮಠದ ಮೆಟ್ಟಿಲು ಹತ್ತಲಾಗದ ಅವ್ವನಂಥವರಿಗೆ ಪ್ರವಚನ ಕೇಳಲು ಇರುವ ದಾರಿ ಅದೊಂದೇ. ಶ್ರಾವಣದ ಪ್ರವಚನಗಳಲ್ಲಿ ಹಿಂದೆ ಕೂತವರಿಗೆ ಕಾಣಲೆಂದು ಮಠಗಳಲ್ಲೂ ದೊಡ್ಡ ಪರದೆ ಹಾಕುತ್ತಾರೆ, ಅದನ್ನು ಯಾರೂ ಆಕ್ಷೇಪಿಸಿಲ್ಲ. ಬೇಡ ಎನ್ನುವುದು ಸುಲಭ. ಎಲ್ಲಿ, ಎಷ್ಟೆತ್ತರಕ್ಕೆ, ಯಾರ ಮಾತು ಕೇಳಿ ಹಾಕುವುದು ಎಂದು ಕೂತು ಯೋಚಿಸುವುದು ಕಷ್ಟ.

ಪೂಜ್ಯರಲ್ಲಿ ನನ್ನದೊಂದು ಅರಿಕೆಯಿದೆ. ಶ್ರಾವಣದಲ್ಲಿ ಮನೆಮನೆಗೆ ಪಾದ ಬೆಳೆಸಿದಾಗ, ಹೊಸ ಮನೆಯ ಪ್ರವೇಶಕ್ಕೆ ಬಂದಾಗ, ವಾಸ್ತುವಿನ ಭಯದ ಬಗ್ಗೆ ಎರಡು ಮಾತು ಬಿಚ್ಚಿ ಹೇಳಬೇಕು. ವೇದಿಕೆಯ ಮೇಲೆ ಹೇಳಿದ್ದು ಚಪ್ಪಾಳೆಯಲ್ಲಿ ಮುಗಿಯುತ್ತದೆ. ಒಡೆಯಬೇಕೆಂದು ಗುರುತು ಹಾಕಿದ ಗೋಡೆಯ ಮುಂದೆ ನಿಂತು ಹೇಳಿದ್ದು ನಿಲ್ಲುತ್ತದೆ. ನಮ್ಮ ಮಠಗಳು ಐ.ಟಿ.ಐ., ಪಾಲಿಟೆಕ್ನಿಕ್‌ಗಳನ್ನು ನಡೆಸುತ್ತಿವೆ. ಅಲ್ಲಿ ಕಲಿತು ಹೊರಬರುವ ಮಕ್ಕಳಿಗೆ ಡ್ರಿಲ್ ಹಿಡಿಯುವುದರ ಜೊತೆಗೆ, ಗಿರಾಕಿ ಹಟ ಹಿಡಿದಾಗ ಆಗುವುದಿಲ್ಲ ಎಂದು ಚೀಲ ಹೆಗಲಿಗೇರಿಸಿ ಎದ್ದು ಬರುವ ಧೈರ್ಯವನ್ನೂ ಕಲಿಸಬೇಕು. ಹಾಗೆ ಎದ್ದು ಬಂದವನಿಗೆ ಅಂದಿನ ಕೂಲಿ ತಪ್ಪದಂತೆ ನೋಡುವುದು ನಮ್ಮ ಹೊಣೆ. ಬಂದು ಗೋಡೆ ನೋಡಿ ಹೇಳಿದ್ದೇ ಅರ್ಧ ಕಾಯಕ, ಅದಕ್ಕೆ ಹಣ ಸಲ್ಲಬೇಕು.

ಮಗನ ಜೊತೆ ಈ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ವಾಸ್ತು ಸುಳ್ಳಲ್ಲ, ಗೋಡೆ ಕೆಟ್ಟಿತ್ತು ಎಂದು ಅವನ ವಾದ. ಗೋಡೆ ಕೆಟ್ಟಿತ್ತು ಎಂದು ಹೇಳಿದವನು ಯಾರು ಎಂದು ನಾನು ಕೇಳುತ್ತೇನೆ, ಅವನು ಮಾತು ಬದಲಿಸುತ್ತಾನೆ. ಕಾಗದದ ಕಪ್ಪುಗಳನ್ನು ಸೊಸೆ ತಾನಾಗಿಯೇ ತೆಗೆದುಹಾಕಿದ್ದಾಳೆ.

ಪಡಸಾಲೆಯ ಗೋಡೆಯಲ್ಲಿ ಗಿಲಾವು ಕಿತ್ತುಬಂದ ಜಾಗ ಹಾಗೆಯೇ ಇದೆ, ಒಂದು ತಾಟಿನಗಲ ಮಣ್ಣು ಕಾಣುತ್ತಿದೆ. ಸಿಮೆಂಟು ಬೇಡ, ಸುಣ್ಣ ಉಸುಕು ಬೆರೆಸಿ ಮೆತ್ತುತ್ತೇನೆ, ಮಳೆ ಪೂರ್ತಿ ನಿಂತು ಗೋಡೆ ಆರಲಿ ಎಂದು ಗೌಂಡಿ ಹೇಳಿ ಹೋಗಿದ್ದಾನೆ. ಬಸವಣ್ಣನವರ ಫೋಟೋವನ್ನು ಸದ್ಯಕ್ಕೆ ಅಜ್ಜನ ಗಿಳಿಗೂಟಕ್ಕೆ ತೂಗುಹಾಕಿದ್ದೇವೆ.